ಬೀಗದ ಕೈಗೊಂದು ನಕಲು ಬೇಕು

ಮದುವೆ ಗೊತ್ತಾದ ಹುಡುಗಿಯರಿಗೆ ಮಹಿಳಾ ಸಂಘಟನೆಗಳು ದಶಕಗಳಿಂದ ಹೇಳುತ್ತ ಬಂದಿರುವ ಒಂದು ಮಾತಿದೆ. ನಿನಗೆ ಕೊಟ್ಟ ಬಂಗಾರ, ಪಾತ್ರೆ, ಸೀರೆ, ನಗದು ಎಲ್ಲದರ ಪಟ್ಟಿ ಮಾಡು. ಅದಕ್ಕೆ ಸಹಿ ಹಾಕಿಸು. ಒಂದು ಪ್ರತಿಯನ್ನು ತಾಯಿಮನೆಯಲ್ಲಿ ಇಡು. ಇದು ಬರಿಯ ಉಪದೇಶವಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ, ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೇ ಇಟ್ಟುಕೊಳ್ಳಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ಅದೇ 1985ರಲ್ಲಿ ಸುಪ್ರೀಂ ಕೋರ್ಟು ಪ್ರತಿಭಾ ರಾಣಿ ಪ್ರಕರಣದಲ್ಲಿ, ಸ್ತ್ರೀಧನವು ಗಂಡನ ವಶದಲ್ಲಿದ್ದ ಮಾತ್ರಕ್ಕೆ ಅವನದಾಗುವುದಿಲ್ಲ, ಅದು ಹೆಂಡತಿಯ ಸ್ವಂತ ಸೊತ್ತು ಎಂದು ಹೇಳಿತು.

ಈ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಇಡಬೇಕಾದ ಕಾಲ ಬಂದಿದೆ ಎಂಬುದು ನನ್ನ ವಾದ. ಅದು ಪಾಸ್‌ವರ್ಡುಗಳ ಪಟ್ಟಿ. ಇಂದು ಒಬ್ಬ ದುಡಿಯುವ ಹೆಣ್ಣಿನ ಸಂಬಳ ಬರುವ ಖಾತೆ, ಭವಿಷ್ಯನಿಧಿ, ವಿಮೆ, ಇ-ಮೇಲ್, ಪದವಿ ಪ್ರಮಾಣಪತ್ರಗಳನ್ನು ಇಟ್ಟ ಡಿಜಿಲಾಕರ್, ಮಕ್ಕಳ ಶಾಲೆಯ ಶುಲ್ಕ ಕಟ್ಟುವ ಆ್ಯಪ್, ಮೊಬೈಲಿನ ಯುಪಿಐ, ಇವೆಲ್ಲಕ್ಕೂ ಒಂದೊಂದು ಗುಪ್ತಪದ. ಬಂಗಾರದ ಬಳೆಯನ್ನು ಕಿತ್ತುಕೊಂಡರೆ ಕೈಯಲ್ಲಿ ಗಾಯವಾದರೂ ಉಳಿದೀತು. ಪಾಸ್‌ವರ್ಡನ್ನು ಬದಲಿಸಿದರೆ ಸದ್ದೂ ಆಗುವುದಿಲ್ಲ, ಗಾಯವೂ ಕಾಣುವುದಿಲ್ಲ. ಬೆಳಿಗ್ಗೆ ಎದ್ದಾಗ ತನ್ನ ದುಡ್ಡಿನ ಬಾಗಿಲು ತನಗೇ ಮುಚ್ಚಿರುತ್ತದೆ, ಅಷ್ಟೆ.

ಹೆಸರು ಒಬ್ಬರದು, ಯಜಮಾನಿಕೆ ಇನ್ನೊಬ್ಬರದು

ನಮ್ಮ ಮಂಗಳೂರಿನವರಿಗೆ ಬ್ಯಾಂಕೆಂದರೆ ಹೊಸ ಸಂಗತಿಯಲ್ಲ. 1906ರಲ್ಲಿ ಇಲ್ಲಿ ಕೆನರಾ ಬ್ಯಾಂಕಿಗೆ ಬೀಜ ಬಿತ್ತಿದ ಅಮ್ಮೆಂಬಳ ಸುಬ್ಬರಾವ್ ಪೈಗಳು ಅದಕ್ಕೆ ಮೊದಲೇ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದವರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಇದೇ ಊರಿನಲ್ಲಿ ಹುಟ್ಟಿದವು. ನೆರೆಯ ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಹೋಯಿತು. ಬೀಡಿ ಕಟ್ಟುವ ಹೆಂಗಸರು, ಮೀನು ಮಾರುವ ಹೆಂಗಸರು ಪಿಗ್ಮಿ ಪುಸ್ತಕವನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟು ಉಳಿತಾಯ ಮಾಡಿದ ಜಿಲ್ಲೆ ಇದು. ಆ ಪುಸ್ತಕವನ್ನು ಕೈಯಲ್ಲಿ ಹಿಡಿಯಬಹುದಿತ್ತು, ಬಚ್ಚಿಡಬಹುದಿತ್ತು. ಪಾಸ್‌ವರ್ಡನ್ನು ಬಚ್ಚಿಡುವ ವಿದ್ಯೆಯನ್ನು ನಮಗೆ ಯಾರೂ ಕಲಿಸಲಿಲ್ಲ.

ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ಹೊಗಳುವವರು ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿದು ಬರುತ್ತಿತ್ತು ಎಂದು ಹೆಮ್ಮೆಪಡುತ್ತಾರೆ. ನಿಜ. ಆದರೆ ಹೆಚ್ಚಿನ ಮನೆಗಳಲ್ಲಿ ಯಜಮಾನಿಕೆ ಸೋದರಮಾವನ ಕೈಯಲ್ಲಿತ್ತು. ಪತ್ತಾಯದ ಬೀಗದ ಕೈಯೂ ಅವನಲ್ಲೇ ಇತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಅರ್ಥಶಾಸ್ತ್ರ ಪಾಠ ಮಾಡಿದ ನನಗೆ ಇದರಿಂದ ತಿಳಿದದ್ದು ಒಂದೇ: ಸೊತ್ತು ಯಾರ ಹೆಸರಿನಲ್ಲಿದೆ ಎಂಬುದಕ್ಕಿಂತ ಬೀಗದ ಕೈ ಯಾರ ಬಳಿ ಇದೆ ಎಂಬ ಪ್ರಶ್ನೆ ದೊಡ್ಡದು. ಖಾತೆ ಹೆಂಡತಿಯ ಹೆಸರಿನಲ್ಲಿ, ಆ್ಯಪ್ ಗಂಡನ ಮೊಬೈಲಿನಲ್ಲಿ ಎಂಬ ವ್ಯವಸ್ಥೆ ಎಷ್ಟು ಮನೆಗಳಲ್ಲಿಲ್ಲ? "ಅವರೇ ಎಲ್ಲ ನೋಡಿಕೊಳ್ಳುತ್ತಾರೆ" ಎಂದು ನನ್ನ ಹಳೆಯ ವಿದ್ಯಾರ್ಥಿನಿಯರು, ಅದೂ ಸ್ನಾತಕೋತ್ತರ ಪದವೀಧರೆಯರು, ಹೇಳುವುದನ್ನು ಕೇಳಿದಾಗ ನನಗೆ ಹಳೆಯ ಪತ್ತಾಯವೇ ನೆನಪಾಗುತ್ತದೆ.

ಪೆಟ್ಟಿಗೆ ಒಂದು, ಕೈ ಒಂದು

ಹತ್ತಿಪ್ಪತ್ತು ಪಾಸ್‌ವರ್ಡುಗಳನ್ನು ನೆನಪಿಡುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಎಲ್ಲ ಕಡೆ ಒಂದನ್ನೇ, ಸಾಮಾನ್ಯವಾಗಿ ಮಗುವಿನ ಹೆಸರನ್ನೋ ಮದುವೆಯ ದಿನಾಂಕವನ್ನೋ, ಇಡುತ್ತೇವೆ. ಮನೆಯೊಳಗಿನ ಶತ್ರುವಿಗೆ ಇದಕ್ಕಿಂತ ಸುಲಭದ ಬೀಗ ಬೇರೆ ಇಲ್ಲ. ಇದಕ್ಕೆ ಪರಿಹಾರವಾಗಿ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶಗಳಿವೆ. ಇವು ಒಂದು ಪೆಟ್ಟಿಗೆಯಂತೆ. ಎಲ್ಲ ಪಾಸ್‌ವರ್ಡುಗಳನ್ನೂ ಅದರೊಳಗೆ ಹಾಕಿ, ಅವನ್ನು ಓದಲಾಗದ ಸಂಕೇತ ರೂಪಕ್ಕೆ ತಿರುಗಿಸಿ, ಒಂದೇ ಒಂದು ದೊಡ್ಡ ಪಾಸ್‌ವರ್ಡಿನಿಂದ ಮುಚ್ಚುವುದು. ಕೀಪಾಸ್ ಎಂಬುದು 2003ರಿಂದ ಇರುವ ಉಚಿತ ತಂತ್ರಾಂಶ. ಅದರ ಪೆಟ್ಟಿಗೆ ನಮ್ಮ ಯಂತ್ರದಲ್ಲೇ ಒಂದು ಕಡತವಾಗಿ ಇರುತ್ತದೆ. ಬಿಟ್‌ವಾರ್ಡನ್‌ನಂಥವು ಪೆಟ್ಟಿಗೆಯನ್ನು ಕಂಪೆನಿಯ ದೂರದ ಯಂತ್ರದಲ್ಲಿ ಇಟ್ಟು ಇಂಟರ್‌ನೆಟ್ ಮೂಲಕ ನಮಗೆ ತೋರಿಸುತ್ತವೆ.

ಪೆಟ್ಟಿಗೆ ಒಂದೇ ಆದಾಗ ಅದನ್ನು ಕಳೆದುಕೊಂಡರೆ ಎಲ್ಲವೂ ಹೋಯಿತು. ದೌರ್ಜನ್ಯ ಇರುವ ಮನೆಗಳಲ್ಲಿ ಮೊದಲು ಪೆಟ್ಟು ಬೀಳುವುದು ಮೊಬೈಲಿಗೆ ಎಂಬುದು ನೊಂದ ಹೆಂಗಸರ ಜೊತೆ ಕುಳಿತು ಮಾತನಾಡಿದ ಯಾರಿಗೂ ಗೊತ್ತು. ಕಿತ್ತುಕೊಳ್ಳುತ್ತಾರೆ, ನೆಲಕ್ಕೆ ಬಡಿಯುತ್ತಾರೆ, ಬಾವಿಗೆ ಎಸೆಯುತ್ತಾರೆ. ಮೊಬೈಲಿನ ಜೊತೆಗೆ ಹೋಗುವುದು ಬರಿಯ ದುಡ್ಡಲ್ಲ. ತಂದೆ ಗಂಡನ ಖಾತೆಗೆ ಹಾಕಿದ ಹಣದ ದಾಖಲೆ ಬ್ಯಾಂಕ್ ಕಳುಹಿಸಿದ ಇ-ಮೇಲಿನಲ್ಲಿರುತ್ತದೆ. ಬೆದರಿಕೆಯ ಸಂದೇಶಗಳ ಪ್ರತಿ ಅಲ್ಲಿರುತ್ತದೆ. ಆಸ್ಪತ್ರೆಯ ಚೀಟಿಯ ಫೋಟೋ ಅಲ್ಲಿರುತ್ತದೆ. ಇ-ಮೇಲಿನ ಬಾಗಿಲು ಮುಚ್ಚಿದರೆ ನಾಳೆ ನ್ಯಾಯಾಲಯದಲ್ಲಿ ಹೇಳಲು ಬಾಯಿಮಾತು ಮಾತ್ರ ಉಳಿಯುತ್ತದೆ.

"ಕಂಪೆನಿಯೇ ಕಾಪಾಡುತ್ತದಲ್ಲ, ನಕಲು ಯಾಕೆ?" ಎಂದು ಕೇಳುವವರಿದ್ದಾರೆ. ಕಂಪೆನಿಯ ಬಾಗಿಲಿಗೆ ಹೋಗಬೇಕಾದರೂ ಇ-ಮೇಲ್ ಬೇಕು, ಮೊಬೈಲಿಗೆ ಬರುವ ಒಟಿಪಿ ಬೇಕು. ಅದೇ ಕೈತಪ್ಪಿದಾಗ ಏನು ಮಾಡುವುದು? ಇನ್ನು ಕಂಪೆನಿಗಳೂ ಸೋಲುತ್ತವೆ. ಲಾಸ್ಟ್‌ಪಾಸ್ ಎಂಬ ಹೆಸರಾಂತ ಸಂಸ್ಥೆಯಿಂದ ಗ್ರಾಹಕರ ಪೆಟ್ಟಿಗೆಗಳ ನಕಲುಗಳು 2022ರಲ್ಲಿ ಕಳವಾದವು. ಪಾಸ್‌ವರ್ಡುಗಳು ಸಂಕೇತ ರೂಪದಲ್ಲಿದ್ದರೂ ಯಾವ ಯಾವ ತಾಣಗಳಲ್ಲಿ ಖಾತೆ ಇದೆ ಎಂಬ ವಿಳಾಸಗಳು ತೆರೆದೇ ಇದ್ದವು. ದೊಡ್ಡ ಪಾಸ್‌ವರ್ಡು ದುರ್ಬಲವಾಗಿದ್ದವರಿಗೆ ಅಪಾಯ ಹೆಚ್ಚು. ಆದ್ದರಿಂದ ಪೆಟ್ಟಿಗೆಯ ಒಂದು ನಕಲು ನಮ್ಮದೇ ವಶದಲ್ಲಿ, ಇಂಟರ್‌ನೆಟ್ಟಿನಿಂದ ದೂರ, ಒಂದು ಪೆನ್‌ಡ್ರೈವಿನಲ್ಲೋ ಹೊರಗಿನ ಹಾರ್ಡ್‌ಡಿಸ್ಕಿನಲ್ಲೋ ಇರಬೇಕು.

ನಕಲೇ ಕುತ್ತಾಗದಿರಲಿ

ಆದರೆ ನಕಲು ಮಾಡುವ ಕೆಲಸದಲ್ಲಿ ಎಚ್ಚರ ತಪ್ಪಿದರೆ ಮುಚ್ಚಿದ ಪೆಟ್ಟಿಗೆಯನ್ನು ನಾವೇ ತೆರೆದು ಜಗಲಿಯಲ್ಲಿಟ್ಟಂತೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹೆಚ್ಚಿನ ತಂತ್ರಾಂಶಗಳಲ್ಲಿ ನಕಲು ಹೊರತೆಗೆಯಲು 'ಎಕ್ಸ್‌ಪೋರ್ಟ್' ಎಂಬ ಆಯ್ಕೆ ಇರುತ್ತದೆ. ಅದರಲ್ಲಿ ಎರಡು ಬಗೆ. ಸಿಎಸ್‌ವಿ ಎಂಬ ಬಗೆಯಲ್ಲಿ ತೆಗೆದರೆ ಎಲ್ಲ ಪಾಸ್‌ವರ್ಡುಗಳೂ ಅಕ್ಷರ ಬಲ್ಲ ಯಾರಿಗೂ ಓದಲು ಸಿಗುತ್ತವೆ, ಮದುವೆಯ ಕರೆಯೋಲೆಯ ಹಾಗೆ. ಗೂಗಲ್ ಕ್ರೋಮಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಹೊರತೆಗೆದಾಗ ಸಿಗುವುದು ಇಂಥ ತೆರೆದ ಕಡತವೇ. ಇನ್ನೊಂದು, ಬೀಗ ಹಾಕಿದ ಬಗೆ. ಬಿಟ್‌ವಾರ್ಡನ್‌ನಲ್ಲಿ ಸಂಕೇತ ರೂಪದ ಕಡತವನ್ನು ಆರಿಸಿ, ಅದರೊಳಗೆ 'ಪಾಸ್‌ವರ್ಡ್ ರಕ್ಷಿತ' ಎಂಬುದನ್ನು ಆಯ್ದುಕೊಳ್ಳಬೇಕು. ಅಲ್ಲೇ ಇರುವ 'ಖಾತೆಗೆ ಸೀಮಿತ' ಎಂಬ ಇನ್ನೊಂದು ಆಯ್ಕೆಯಿಂದ ತೆಗೆದ ನಕಲು ಅದೇ ಖಾತೆಯಲ್ಲಿ ಮಾತ್ರ ತೆರೆಯುತ್ತದೆ. ಖಾತೆಯೇ ಕೈತಪ್ಪಿದ ದಿನ ಆ ನಕಲು ಉಪ್ಪಿನಕಾಯಿಗೂ ಬಾರದು. ಕೀಪಾಸ್ ಬಳಸುವವರಿಗೆ ಈ ತೊಡಕಿಲ್ಲ. ಅದರ ಕಡತಕ್ಕೆ ಮೊದಲೇ ಬೀಗ ಇರುವುದರಿಂದ ಅದನ್ನು ಹಾಗೆಯೇ ಪೆನ್‌ಡ್ರೈವಿಗೆ ನಕಲಿಸಿದರೆ ಸಾಕು.

ಈ ಕೆಲಸವನ್ನು ನಿಮ್ಮದೇ ಯಂತ್ರದಲ್ಲಿ, ಇಲ್ಲವೇ ಪೂರ್ಣ ನಂಬುಗೆಯ ಗೆಳತಿಯ ಯಂತ್ರದಲ್ಲಿ ಮಾಡಿ. ಗಂಡನ ಲ್ಯಾಪ್‌ಟಾಪು ಬೇಡ, ಆಫೀಸಿನದು ಬೇಡ, ಜೆರಾಕ್ಸ್ ಅಂಗಡಿಯದಂತೂ ಬೇಡವೇ ಬೇಡ. ಮೊಬೈಲ್ ಒಂದೇ ಇರುವವರು ಮೊಬೈಲಿಗೂ ಕಂಪ್ಯೂಟರಿಗೂ ಚುಚ್ಚಬಹುದಾದ ಎರಡು ಬಾಯಿಯ ಪೆನ್‌ಡ್ರೈವು ಕೊಳ್ಳಬಹುದು. ಕಡತವನ್ನು ನೇರವಾಗಿ ಪೆನ್‌ಡ್ರೈವಿಗೇ ಉಳಿಸಿ. 'ಡೌನ್‌ಲೋಡ್ಸ್' ಎಂಬಲ್ಲಿ ಬಿದ್ದುಕೊಂಡಿರಲು ಬಿಡಬೇಡಿ. ಇ-ಮೇಲಿನಲ್ಲಿ, ವಾಟ್ಸ್‌ಆ್ಯಪಿನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳಬೇಡಿ. ತೆರೆದ ಕಡತವನ್ನೇ ತೆಗೆಯಬೇಕಾದ ಅನಿವಾರ್ಯವಿದ್ದರೆ, ವೆರಾಕ್ರಿಪ್ಟ್ ಅಥವಾ ಸೆವೆನ್-ಜಿಪ್ ಎಂಬ ಉಚಿತ ತಂತ್ರಾಂಶದಿಂದ ಅದಕ್ಕೆ ಪಾಸ್‌ವರ್ಡಿನ ಬೀಗ ಹಾಕಿ, ತೆರೆದದ್ದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಆದರೂ ಅಳಿಸಿದ ಕಡತವನ್ನು ಮರಳಿ ಹೊರತೆಗೆಯುವ ತಂತ್ರಾಂಶಗಳಿವೆ ಎಂಬುದು ನೆನಪಿರಲಿ. ತೆರೆದ ಕಡತವನ್ನು ಹುಟ್ಟಿಸದೇ ಇರುವುದೇ ಜಾಣತನ.

ನಕಲು ಮಾಡಿದ ಮೇಲೆ ಅದನ್ನು ಒಮ್ಮೆ ತೆರೆದು ನೋಡಿ. ತೆರೆಯದ ನಕಲು ನಕಲೇ ಅಲ್ಲ. ಸರಿಯಾಗಿ ತೆರೆದರೆ ಮುಚ್ಚಿ, 'ಇಜೆಕ್ಟ್' ಒತ್ತಿದ ನಂತರವೇ ಪೆನ್‌ಡ್ರೈವನ್ನು ಎಳೆಯಿರಿ. ಬರೆಯುತ್ತಿರುವಾಗಲೇ ಎಳೆದರೆ ಕಡತ ಕೆಡುತ್ತದೆ.

ಎಲ್ಲಿ ಇಡುವುದು?

ಒಂದು ಪೆನ್‌ಡ್ರೈವು ಸಾಲದು, ಎರಡು ಬೇಕು. ಅದರಲ್ಲಿ ಒಂದಾದರೂ ನೀವು ವಾಸವಾಗಿರುವ ಮನೆಯ ಹೊರಗೆ, ತಾಯಿಮನೆಯಲ್ಲೋ ಅಕ್ಕನ ಬಳಿಯೋ ನಿಮ್ಮೊಬ್ಬರದೇ ಹೆಸರಿನ ಬ್ಯಾಂಕ್ ಲಾಕರಿನಲ್ಲೋ ಇರಬೇಕು. ಗಂಡನ ಜೊತೆಗಿನ ಜಂಟಿ ಲಾಕರು ಇದಕ್ಕೆ ಹೇಳಿದ್ದಲ್ಲ. ಕಡತಕ್ಕೆ ಗಟ್ಟಿ ಬೀಗ ಇದ್ದರೆ ಇಟ್ಟುಕೊಂಡವರಿಗೆ ಅದರೊಳಗಿನದು ಓದಲು ಬರುವುದಿಲ್ಲ; ಹಾಗಾಗಿ ನಿಮ್ಮ ಗುಟ್ಟು ಅವರಿಗೆ ತಿಳಿಯುವ ಅಂಜಿಕೆ ಇಲ್ಲ, ಅವರಿಗೂ ಹೊರೆಯಿಲ್ಲ.

ನಮ್ಮ ಕರಾವಳಿಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನ ಪುಸ್ತಕಕ್ಕೇ ಬೂಷ್ಟು ಹಿಡಿಯುವ ಊರಿದು. ಉಪ್ಪುಗಾಳಿಗೆ ಲೋಹದ ತುದಿಗಳು ತುಕ್ಕು ಹಿಡಿಯುತ್ತವೆ. ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಗಳಲ್ಲಿ ಸಿಗುವ ತೇವ ಹೀರುವ ಪೊಟ್ಟಣವನ್ನು ಹಾಕಿ ಇಡಿ. ಪೆನ್‌ಡ್ರೈವು ಶಿಲಾಶಾಸನವಲ್ಲ. ಅದರಲ್ಲಿ ಅಕ್ಷರಗಳು ವಿದ್ಯುದಂಶದ ರೂಪದಲ್ಲಿ ನಿಂತಿರುತ್ತವೆ. ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಸೋರಿಹೋಗಬಹುದು. ಹಾರ್ಡ್‌ಡಿಸ್ಕು ಕೈಜಾರಿ ಬಿದ್ದರೆ ಕೆಡುತ್ತದೆ. ಆದ್ದರಿಂದಲೇ ಎರಡು ಬೇಕು, ಆಗಾಗ ತೆರೆದು ನೋಡಬೇಕು ಎನ್ನುವುದು.

ಪಾಸ್‌ವರ್ಡು ಬದಲಾದಾಗ ಹಳೆಯ ನಕಲು ಸುಳ್ಳಾಗುತ್ತದೆ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ನಮ್ಮ ಜಿಲ್ಲೆಯ ಎಷ್ಟೋ ಮಂದಿಯ ಆ್ಯಪ್, ಶಾಖೆಯ ಸಂಕೇತಸಂಖ್ಯೆ ಎಲ್ಲ ಬದಲಾದವು. ಅಂಥ ಬದಲಾವಣೆಯಾದಾಗಲೆಲ್ಲ ಹೊಸ ನಕಲು ಮಾಡಬೇಕು.

ದೊಡ್ಡ ಪಾಸ್‌ವರ್ಡಿನ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಜೋಡಿಸಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಬೆರೆಸಿ ಮಾತಾಡುವ ನಮಗೆ ಪದಗಳಿಗೆ ಬರವಿಲ್ಲ. ಮಗುವಿನ ಹೆಸರು, ದೇವರ ಹೆಸರು, ಗಾದೆಮಾತು ಬೇಡ. ಇದನ್ನು ಮರೆತರೆ ಪೆಟ್ಟಿಗೆಯನ್ನು ತೆರೆದುಕೊಡುವವರು ಸಾಮಾನ್ಯವಾಗಿ ಯಾರೂ ಇಲ್ಲ. ಹಾಗಾಗಿ ಕಾಗದದಲ್ಲಿ ಬರೆದು, ಪೆನ್‌ಡ್ರೈವು ಇರುವ ಜಾಗದಲ್ಲಿ ಅಲ್ಲ, ಬೇರೆಲ್ಲಾದರೂ ಇಡಿ. ಪೆಟ್ಟಿಗೆಯನ್ನು ಬೆರಳಚ್ಚಿನಿಂದ ತೆರೆಯುವ ಸೌಲಭ್ಯವನ್ನು ನಿಲ್ಲಿಸಿ. ನಿದ್ದೆಹೋದ ಹೆಂಡತಿಯ ಬೆರಳನ್ನು ಮೊಬೈಲಿಗೆ ಒತ್ತುವುದಕ್ಕೆ ಗಂಡನಿಗೆ ವಿದ್ಯೆ ಬೇಕಾಗಿಲ್ಲ. ಇನ್ನೊಂದು ಸೂಕ್ಷ್ಮವಿದೆ. ದೊಡ್ಡ ಪಾಸ್‌ವರ್ಡನ್ನು ಬದಲಿಸಿದರೂ ಮೊದಲೇ ಮಾಡಿಟ್ಟ ನಕಲುಗಳ ಬೀಗ ಬದಲಾಗುವುದಿಲ್ಲ. ಹಳೆಯದು ಗಂಡನಿಗೆ ಗೊತ್ತಿದ್ದಲ್ಲಿ ಆ ಹಳೆಯ ಪೆನ್‌ಡ್ರೈವನ್ನು ಒಡೆದು ಹಾಕಿ, ಒಳಗಿನ ಪಾಸ್‌ವರ್ಡುಗಳನ್ನೂ ಒಂದೊಂದಾಗಿ ಬದಲಿಸಬೇಕು.

ಇಷ್ಟೆಲ್ಲ ಮಾಡಿಯೂ ಒಟಿಪಿ ಬರುವ ಸಿಮ್ ಗಂಡನ ಹೆಸರಿನಲ್ಲಿದ್ದರೆ ಕೆಲಸ ಅರ್ಧವೇ ಆದಂತೆ. ನಿಮ್ಮ ಹೆಸರಿನಲ್ಲಿ ಒಂದು ಸಿಮ್ ಪಡೆದು, ಬ್ಯಾಂಕಿನ ಶಾಖೆಗೆ ಹೋಗಿ ಆ ಸಂಖ್ಯೆಯನ್ನು ಖಾತೆಗೆ ಜೋಡಿಸಿ. ಇ-ಮೇಲಿನ ಮರುಪ್ರಾಪ್ತಿಗೆ ಕೊಟ್ಟ ಸಂಖ್ಯೆ ಯಾರದು ಎಂದು ನೋಡಿ. ಮೊಬೈಲ್ ಕಳೆದಾಗ ಬಳಸಲೆಂದು ಗೂಗಲ್ ಮೊದಲಾದವು ಕೊಡುವ 'ಬ್ಯಾಕಪ್ ಕೋಡ್'ಗಳನ್ನು ಬರೆದಿಟ್ಟುಕೊಳ್ಳಿ.

ಅಪನಂಬಿಕೆಯ ಬಿತ್ತನೆಯೇ?

ಇದನ್ನೆಲ್ಲ ಹೇಳಿದಾಗ ಎದುರಾಗುವ ಆಕ್ಷೇಪ ನನಗೆ ಚಿರಪರಿಚಿತ. "ಗಂಡಹೆಂಡಿರ ನಡುವೆ ಗುಟ್ಟೇಕೆ? ನೀವು ಸಂಸಾರ ಒಡೆಯುವ ಪಾಠ ಹೇಳುತ್ತೀರಿ" ಎನ್ನುತ್ತಾರೆ. ಉಡುಗೊರೆಗಳ ಪಟ್ಟಿ ಮಾಡಿ ಎಂದಾಗಲೂ ಇದೇ ಮಾತು ಬಂದಿತ್ತು. ನನ್ನ ಪ್ರಶ್ನೆ ಇಷ್ಟೆ: ಗಂಡನ ಪಾಸ್‌ವರ್ಡುಗಳು ಹೆಂಡತಿಗೆ ಗೊತ್ತಿರುವ ಮನೆಗಳು ಎಷ್ಟು? ನಂಬಿಕೆ ಒಂದೇ ದಿಕ್ಕಿನಲ್ಲಿ ಹರಿಯುವುದಾದರೆ ಅದಕ್ಕೆ ನಂಬಿಕೆ ಎನ್ನುವುದಿಲ್ಲ, ಅಧಿಕಾರ ಎನ್ನುತ್ತಾರೆ. ಮೇಲಾಗಿ, ಸುಖವಾಗಿರುವ ಸಂಸಾರಕ್ಕೂ ಈ ನಕಲು ಬೇಕು. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಗಂಡನನ್ನು ಕಳೆದುಕೊಂಡು, ಯಾವ ಬ್ಯಾಂಕಿನಲ್ಲಿ ಏನಿದೆ ಎಂದೂ ತಿಳಿಯದೆ ಅಲೆದ ಹೆಂಗಸರನ್ನು ನಾವು ಕಂಡಿದ್ದೇವೆ. ಪ್ರೀತಿಯಿರುವ ಗಂಡ ತನ್ನದೊಂದು ನಕಲನ್ನೂ ಮಾಡಿಟ್ಟು, ಅದು ಎಲ್ಲಿದೆ ಎಂದು ಹೆಂಡತಿಗೆ ಹೇಳಬಹುದಲ್ಲ?

ಕಾನೂನು ನಮ್ಮ ಪಕ್ಷದಲ್ಲಿದೆ. 2006ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಆರ್ಥಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಗುರುತಿಸಿದೆ. ಹೆಂಗಸು ಬಳಸಲು ಹಕ್ಕಿರುವ ಸಂಪನ್ಮೂಲವನ್ನು ಅವಳಿಗೆ ನಿಲುಕದಂತೆ ಮಾಡುವುದು ಅದರೊಳಗೆ ಬರುತ್ತದೆ. ಅದರ 19ನೇ ಕಲಮಿನಡಿ ಸ್ತ್ರೀಧನವನ್ನೂ ಇತರ ಸೊತ್ತನ್ನೂ ಹಿಂದಿರುಗಿಸಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಅಪರಾಧ. ಮೂರು ವರ್ಷದ ತನಕ ಸಜೆ, ಒಂದು ಲಕ್ಷ ರೂಪಾಯಿ ತನಕ ದಂಡ ಇದೆ. ಗಂಡನಿಗೆ ಇದರಲ್ಲಿ ವಿನಾಯಿತಿ ಇಲ್ಲ. ಆದರೆ ಪಾಸ್‌ವರ್ಡನ್ನು ನಾವಾಗಿಯೇ ಕೊಟ್ಟಿದ್ದರೆ ವಿಷಯ ಜಟಿಲವಾಗುತ್ತದೆ. ಗ್ರಾಹಕರೇ ಗುಪ್ತಪದ ಹಂಚಿಕೊಂಡು ನಷ್ಟವಾದರೆ, ಬ್ಯಾಂಕಿಗೆ ದೂರು ಕೊಡುವ ತನಕದ ನಷ್ಟ ಅವರದ್ದೇ ಎಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿತ್ತು. ಕಾನೂನು ಬಾಗಿಲು ತಟ್ಟುವವರಿಗೆ ಸಿಗುತ್ತದೆ, ನಿಜ. ಆದರೆ ತಟ್ಟಲು ಹೋಗುವಾಗ ಕೈಯಲ್ಲಿ ದಾಖಲೆ ಬೇಕು, ದಾಖಲೆ ತೆಗೆಯಲು ಪಾಸ್‌ವರ್ಡು ಬೇಕು.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳದೆ ಇರಲಾರೆ. ಹೊಡೆತ ಬಡಿತ ಏರುತ್ತಿರುವ ಮನೆಯಲ್ಲಿ ಅವಸರದಿಂದ ಎಲ್ಲ ಪಾಸ್‌ವರ್ಡುಗಳನ್ನು ಒಮ್ಮೆಗೇ ಬದಲಿಸಿದರೆ ಗಂಡನಿಗೆ ಸಂಶಯ ಬಂದು ಅನಾಹುತ ಹೆಚ್ಚಬಹುದು. ಮೊಬೈಲಿನಲ್ಲಿ ಅವನು ಕಣ್ಗಾವಲಿನ ಆ್ಯಪ್ ಹಾಕಿರಲೂಬಹುದು. ಆಗ ಆ ಮೊಬೈಲಿನಲ್ಲಿ ಮಾಡಿದ್ದೆಲ್ಲ ಅವನಿಗೆ ಕಾಣುತ್ತದೆ. ಮೊದಲು ನಂಬುಗೆಯವರೊಬ್ಬರಿಗೆ ತಿಳಿಸಿ, ಬೇರೆ ಯಂತ್ರದಿಂದ, ಸಮಯ ನೋಡಿ ಮಾಡಿ. 181 ಮಹಿಳಾ ಸಹಾಯವಾಣಿ ಇದೆ, ಸಖಿ ಕೇಂದ್ರಗಳಿವೆ, ತುರ್ತಿಗೆ 112 ಇದೆ. ಪ್ರಾಣಕ್ಕೆ ಸಂಚಕಾರ ಬಂದಾಗ ಪೆನ್‌ಡ್ರೈವು ಹುಡುಕುತ್ತ ನಿಲ್ಲಬೇಡಿ. ಉಟ್ಟ ಸೀರೆಯಲ್ಲಿ ಹೊರಡಿ. ಮನೆಯ ಹೊರಗೆ ಒಂದು ನಕಲು ಇರಲಿ ಎನ್ನುವುದು ಆ ದಿನಕ್ಕಾಗಿಯೇ.

ನಮ್ಮ ಸಂಘಟನೆಗಳೂ ಬದಲಾಗಬೇಕು. ಆಪ್ತ ಸಲಹೆಗೆ ಬಂದ ಹೆಂಗಸಿನ ಬಳಿ ಬಂಗಾರ ಎಷ್ಟು, ಮದುವೆಗೆ ಖರ್ಚು ಎಷ್ಟು ಎಂದು ಕೇಳುವ ನಾವು, ನಿನ್ನ ಇ-ಮೇಲ್ ಯಾರ ಕೈಯಲ್ಲಿದೆ, ಸಿಮ್ ಯಾರ ಹೆಸರಿನಲ್ಲಿದೆ ಎಂದೂ ಕೇಳಬೇಕು. ಸ್ವಸಹಾಯ ಗುಂಪುಗಳ ಸಭೆಯಲ್ಲಿ ಲೆಕ್ಕಪತ್ರ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಮೀಸಲಿಡಬಹುದು. ಕಾಲೇಜುಗಳ ಮಹಿಳಾ ವೇದಿಕೆಗಳು ರಂಗೋಲಿ ಸ್ಪರ್ಧೆಗೆ ಕೊಡುವ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಟ್ಟರೆ ಹುಡುಗಿಯರು ಮದುವೆಗೆ ಮೊದಲೇ ಕಲಿತಾರು. ತಾಯಂದಿರು ಮಗಳ ಮದುವೆಗೆಂದು ಕೂಡಿಡುವ ದುಡ್ಡಿನಲ್ಲಿ ಐನೂರು ಸಾವಿರ ರೂಪಾಯಿಯ ಎರಡು ಪೆನ್‌ಡ್ರೈವು ದೊಡ್ಡ ಖರ್ಚಲ್ಲ.

ಮೂರು ತಿಂಗಳಿಗೊಮ್ಮೆ ಈ ನಕಲನ್ನು ಹೊಸದಾಗಿಸಬೇಕು. ನಮ್ಮ ಪತ್ರಿಕೆಯೂ ಮೂರು ತಿಂಗಳಿಗೊಮ್ಮೆಯೇ ನಿಮ್ಮ ಕೈಸೇರುತ್ತದೆ. ಸಂಚಿಕೆ ಬಂದ ದಿನ ಪೆನ್‌ಡ್ರೈವನ್ನು ಹೊರಗೆ ತೆಗೆಯಿರಿ, ತೆರೆಯುತ್ತದೆಯೇ ನೋಡಿ, ಹೊಸ ನಕಲು ಮಾಡಿ, ಮತ್ತೆ ಅದರ ಜಾಗದಲ್ಲಿಡಿ. ಪಕ್ಕದ ಮನೆಯ ಗೆಳತಿಗೂ ಕಲಿಸಿಕೊಡಿ.